ಅಮ್ಮ ಬೀಡಿ ಕಟ್ಟುವುದನ್ನು ಫಿನಾಮಿನಾಲಜಿ ಹೇಗೆ ನೋಡುತ್ತದೆ?

ಫರಂಗಿಪೇಟೆಯ ಓದುಗಿ:

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದೇನೆ. ದಿನನಿತ್ಯದ ಬದುಕಿನ ಬಗ್ಗೆ ಫಿನಾಮಿನಾಲಜಿಯ ದಾರಿಯಲ್ಲಿ, ಅಂದರೆ ಅನುಭವವನ್ನು ಅದು ಬದುಕುವವರಿಗೆ ಕಾಣುವ ಹಾಗೇ ವಿವರಿಸುವ ತತ್ತ್ವಶಾಸ್ತ್ರದ ದಾರಿಯಲ್ಲಿ, ಒಂದು ಪ್ರಬಂಧ ಬರೆಯಬೇಕು. ಅಮ್ಮ ಬೀಡಿ ಕಟ್ಟುವುದರ ಬಗ್ಗೆಯೇ ಬರೆಯೋಣ ಅಂತ ಇದ್ದೇನೆ.

ಅಮ್ಮ ಮದುವೆಗೆ ಮುಂಚಿನಿಂದಲೂ ಬೀಡಿ ಕಟ್ಟುತ್ತಿದ್ದಾರೆ. ಮಡಿಲಲ್ಲಿ ತಡ್ಪೆ (ಮೊರ), ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಟಿವಿ ನೋಡುತ್ತಾ, ಪಕ್ಕದ ಮನೆಯವರ ಜೊತೆ ತುಳುವಿನಲ್ಲಿ ಮಾತಾಡುತ್ತಾ ಕಟ್ಟುತ್ತಾರೆ. ಕೈ ಕಡೆಗೆ ನೋಡುವುದೇ ಇಲ್ಲ. ಒಂದು ಬೀಡಿಗೆ ಪುಡಿ ಎಷ್ಟು ಅಂತ ಕೇಳಿದರೆ "ಅದು ಕೈಗೆ ಗೊತ್ತಾಗ್ತದೆ" ಅನ್ನುತ್ತಾರೆ. ಫ್ರಾನ್ಸಿನ ತತ್ತ್ವಜ್ಞಾನಿ ಮರ್ಲೋ-ಪಾಂಟಿ 1945ರ ತಮ್ಮ ಪುಸ್ತಕದಲ್ಲಿ ಟೈಪ್ ಮಾಡುವವರ ಬಗ್ಗೆ ಬರೆದದ್ದು ಹೆಚ್ಚು ಕಡಿಮೆ ಇದನ್ನೇ. ಯಾವ ಅಕ್ಷರ ಎಲ್ಲಿದೆ ಅಂತ ಬಾಯಲ್ಲಿ ಹೇಳಲು ಬಾರದವರೂ ಚೆನ್ನಾಗಿ ಟೈಪ್ ಮಾಡಬಲ್ಲರು, ಆ ಅರಿವು ಕೈಯಲ್ಲಿದೆ ಅನ್ನುತ್ತಾರೆ. ಓದಿ ತುಂಬಾ ಖುಷಿಯಾಯಿತು.

ಆದರೆ ಬರೆಯಲು ಕೂತಾಗ ಸಿಕ್ಕಿಹಾಕಿಕೊಂಡೆ. ಫಿನಾಮಿನಾಲಜಿಯನ್ನು ಶುರು ಮಾಡಿದ ಹುಸರ್ಲ್ ಹೇಳುವ ಪ್ರಕಾರ ಕಾರಣಗಳನ್ನೆಲ್ಲ ಸ್ವಲ್ಪ ಹೊತ್ತು ಬದಿಗಿಟ್ಟು, ಅನುಭವ ಹೇಗೆ ಕಾಣುತ್ತದೋ ಹಾಗೇ ಬರೆಯಬೇಕು ಅಲ್ವಾ? ಹಾಗಾದರೆ ಮಜೂರಿ ಎಲ್ಲಿ ಹೋಯಿತು? ಬೆನ್ನುನೋವು, ಪುಡಿಯ ಘಾಟಿಗೆ ಬರುವ ಕೆಮ್ಮು, ಕಟ್ಟಿದ ಬೀಡಿ ಕೊಡುವ ಕಂಪನಿಯ ಬ್ರಾಂಚಿನಲ್ಲಿ ಕೆಲವು ಕಟ್ಟು ಸರಿಯಿಲ್ಲ ಅಂತ ತೆಗೆದು ಹಾಕುವುದು, ಇವೆಲ್ಲ? ಅಮ್ಮನ ಕೈ ಅಷ್ಟು ಚುರುಕಾದದ್ದೇ ಸಾವಿರದ ಲೆಕ್ಕದಲ್ಲಿ ದುಡ್ಡು ಕೊಡುವುದರಿಂದ. ಅದನ್ನು ಬಿಟ್ಟು ಬರೀ ಕೈಚಳಕ ಬರೆದರೆ ಅಮ್ಮನಿಗೆ ಅನ್ಯಾಯ ಅನ್ನಿಸುತ್ತದೆ.

ಮಣಿಪಾಲದ ಮೇಷ್ಟ್ರು:

ಒಳ್ಳೆಯ ಪ್ರಶ್ನೆ. ಬದಿಗಿಡುವುದು ಅಂದರೆ ಅಳಿಸಿಹಾಕುವುದಲ್ಲ. ಹುಸರ್ಲ್ 1913ರಲ್ಲಿ ಈ ಕ್ರಮವನ್ನು ವಿವರವಾಗಿ ಬರೆದಾಗಲೂ ಅವರು ಪ್ರಪಂಚ ಇಲ್ಲ ಅನ್ನಲಿಲ್ಲ. ನೀವು ಬದಿಗಿಡಬೇಕಾದದ್ದು ಮೊದಲೇ ಸಿದ್ಧವಾಗಿರುವ ವಿವರಣೆಯನ್ನು. "ಇದು ಶೋಷಣೆ" ಅನ್ನುವುದು ಒಂದು, "ಇದು ಅದ್ಭುತ ಕೌಶಲ" ಅನ್ನುವುದು ಇನ್ನೊಂದು. ಎರಡನ್ನೂ ಬದಿಗಿಡಿ. ಆಮೇಲೆ ನೋಡಿ, ಮಜೂರಿ ಎಲ್ಲೂ ಹೋಗಿರುವುದಿಲ್ಲ.

ಹುಸರ್ಲ್ 1905ರಲ್ಲಿ ಕಾಲದ ಅನುಭವದ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಅದು ಅಚ್ಚಾದದ್ದು 1928ರಲ್ಲಿ. ಅಲ್ಲಿ ರಾಗದ ಉದಾಹರಣೆ ಬರುತ್ತದೆ. ಈಗ ಕೇಳುತ್ತಿರುವ ಸ್ವರದಲ್ಲಿ ಈಗಷ್ಟೇ ಹೋದ ಸ್ವರ ಇನ್ನೂ ಉಳಿದಿರುತ್ತದೆ, ಬರಲಿರುವ ಸ್ವರದ ನಿರೀಕ್ಷೆಯೂ ಇರುತ್ತದೆ. ಇದನ್ನು ನಿಮ್ಮ ಮನೆಗೆ ತನ್ನಿ. ಬೆಳಿಗ್ಗೆ ತಡ್ಪೆಯಲ್ಲಿರುವ ಎಲೆಯ ರಾಶಿ ಅಮ್ಮನಿಗೆ ಹೇಗೆ ಕಾಣುತ್ತದೆ? ಬ್ರಾಂಚಿಗೆ ಹೋಗುವ ಹೊತ್ತು ಹತ್ತಿರ ಬಂದಾಗ ಅಷ್ಟೇ ಎಲೆ ಉಳಿದಿದ್ದರೆ ಹೇಗೆ ಕಾಣುತ್ತದೆ? ಎಲೆ ಅದೇ, ಆದರೆ ಈಗ ಅದು ಅವಸರ ಮಾಡಿಸುತ್ತದೆ. ಸಾವಿರದ ಲೆಕ್ಕ ಅನುಭವದ ಹೊರಗೆ ಎಲ್ಲೋ ಕೂತಿಲ್ಲ. ಪ್ರತಿ ಬೀಡಿಯ ಒಳಗೇ ಇದೆ. ಅದನ್ನು ಬರೆಯದಿದ್ದರೆ ನಿಮ್ಮ ವರ್ಣನೆಯೇ ಅರ್ಧ.

ಜರ್ಮನ್ ತತ್ತ್ವಜ್ಞಾನಿ ಹೈಡೆಗರ್ 1927ರಲ್ಲಿ ಸುತ್ತಿಗೆಯ ಬಗ್ಗೆ ಬರೆದದ್ದನ್ನೂ ನೋಡಿ. ಕೆಲಸ ಸರಾಗವಾಗಿ ನಡೆಯುವಾಗ ಸಾಧನ ಗಮನಕ್ಕೇ ಬರುವುದಿಲ್ಲ. ಕತ್ತರಿ ಮೊಂಡಾದಾಗಲೇ ಕತ್ತರಿ ಕಾಣುವುದು. ಒಂದು ಸಾಧನ ಒಂಟಿಯಾಗಿಯೂ ಇರುವುದಿಲ್ಲ. ಕತ್ತರಿ ಎಲೆಗೆ, ಎಲೆ ಬೀಡಿಗೆ, ಬೀಡಿ ಕಟ್ಟಿಗೆ, ಕಟ್ಟು ಬ್ರಾಂಚಿಗೆ, ಅಲ್ಲಿಂದ ನಿಮ್ಮ ಕಾಲೇಜಿನ ಫೀಸಿಗೆ. ಆದರೆ ಸುತ್ತಿಗೆ ಇರುವ ಕಾರ್ಯಾಗಾರ ಯಾರದ್ದು, ದರ ಯಾರು ನಿಗದಿ ಮಾಡುತ್ತಾರೆ ಅಂತ ಹೈಡೆಗರ್ ಅಲ್ಲಿ ಕೇಳುವುದಿಲ್ಲ. ನಿಮ್ಮ ಅಸಮಾಧಾನ ಅವರ ಮೇಲಾದರೆ ನಾನೂ ನಿಮ್ಮ ಕಡೆಗೇ.

ಉಪ್ಪಿನಂಗಡಿಯವ:

ನನ್ನ ಅಜ್ಜಿಯೂ ಬೀಡಿ ಕಟ್ಟುತ್ತಿದ್ದರು. ಅಕ್ಕ, ಎರಡು ವಿಷಯ ಬಿಡಬೇಡಿ.

ಒಂದು, ಹವೆ. ಮಳೆಗಾಲದಲ್ಲಿ ಪುಡಿ ತಂಪು ಹಿಡಿಯುತ್ತದೆ, ಬೇಸಿಗೆಯಲ್ಲಿ ನೆನೆಸಿಟ್ಟ ಎಲೆ ಬೇಗ ಒಣಗಿ ಒಡೆಯುತ್ತದೆ. ಅಜ್ಜಿಯ ಬೆರಳು ಹಿಡಿತವನ್ನು ತಾನಾಗಿಯೇ ಬದಲಿಸುತ್ತಿತ್ತು.

ಇನ್ನೊಂದು, ಜಗಲಿ. ಮಧ್ಯಾಹ್ನ ಊಟ ಮುಗಿಸಿ ಅಕ್ಕಪಕ್ಕದ ಹೆಂಗಸರು ಒಟ್ಟಿಗೆ ಕೂರುತ್ತಿದ್ದರು. ಮಾತು ಜೋರಾದರೆ ಕೈಯೂ ಜೋರು. ಯಾರದ್ದಾದರೂ ಕಷ್ಟದ ಸುದ್ದಿ ಬಂದರೆ ಎಲ್ಲರ ಕೈಯೂ ನಿಧಾನ. ಆಲ್ಫ್ರೆಡ್ ಶುಟ್ಜ್ ಅಂತ ಒಬ್ಬರಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡೇ ಫಿನಾಮಿನಾಲಜಿ ಬರೆದವರು. ಜನ ಒಟ್ಟಿಗೆ ಸಂಗೀತ ನುಡಿಸುವಾಗ ಒಬ್ಬರ ಒಳಗಿನ ಕಾಲವನ್ನು ಇನ್ನೊಬ್ಬರು ಹಂಚಿಕೊಳ್ಳುತ್ತಾರೆ ಅಂತ 1951ರಲ್ಲಿ ಬರೆದರು. ನನಗೆ ಅದನ್ನು ಓದುವಾಗ ನಮ್ಮ ಜಗಲಿಯೇ ಕಣ್ಣಿಗೆ ಕಟ್ಟಿತು. ಒಂಟಿ ಕೈಯ ಬಗ್ಗೆ ಮಾತ್ರ ಬರೆದರೆ ಈ ಭಾಗ ತಪ್ಪಿಹೋಗುತ್ತದೆ.

ಫರಂಗಿಪೇಟೆಯ ಓದುಗಿ:

ಇಬ್ಬರಿಗೂ ತುಂಬಾ ಧನ್ಯವಾದ. ಸರ್, ನೀವು ಹೇಳಿದ್ದನ್ನು ಅಮ್ಮನ ಹತ್ತಿರ ಕೇಳಿದೆ. "ಬೆಳಿಗ್ಗೆ ಎಲೆ ನೋಡುವುದಿಲ್ಲ, ಸಂಜೆ ಬೀಡಿ ನೋಡುವುದಿಲ್ಲ, ಗಡಿಯಾರ ನೋಡ್ತೇನೆ" ಅಂದರು. ಬೆನ್ನು ನೋಯುವಾಗ ಹೇಗೆ ಅಂದರೆ, "ಆಗ ಕೈ ಇರುವುದೇ ಇಲ್ಲ, ಬೆನ್ನು ಮಾತ್ರ ಇರುವುದು" ಅಂದರು. ನಾನು ವಾರಗಟ್ಟಲೆ ಕೂತರೂ ಈ ವಾಕ್ಯ ನನಗೆ ಹೊಳೆಯುತ್ತಿರಲಿಲ್ಲ.

ಈಗ ಬೇರೆ ಚಿಂತೆ. ನನಗೆ ಬೀಡಿ ಕಟ್ಟಲು ಬರುವುದಿಲ್ಲ. ಅಮ್ಮ ಕಲಿಸಲೇ ಇಲ್ಲ, "ನೀನು ಓದು" ಅಂದರು. ಅವರ ಅನುಭವವನ್ನು ನಾನು ಬರೆಯಬಹುದಾ?

ಮಣಿಪಾಲದ ಮೇಷ್ಟ್ರು:

ಇದೇ ಪ್ರಶ್ನೆಯ ಮೇಲೆ ರಾಜಕೀಯ ಚಿಂತಕ ಗೋಪಾಲ್ ಗುರು ಮತ್ತು ತತ್ತ್ವಜ್ಞಾನಿ ಸುಂದರ್ ಸಾರುಕ್ಕೈ ದೀರ್ಘ ಚರ್ಚೆ ಮಾಡಿದ್ದಾರೆ. 2012ರಲ್ಲಿ 'ದಿ ಕ್ರ್ಯಾಕ್ಡ್ ಮಿರರ್' ಎಂಬ ಪುಸ್ತಕವಾಗಿ ಬಂತು. ಸಾರುಕ್ಕೈ ಇಲ್ಲೇ ಮಣಿಪಾಲದ ತತ್ತ್ವಶಾಸ್ತ್ರ ಕೇಂದ್ರವನ್ನು ನಡೆಸಿದವರು. ನಮ್ಮ ದೇಶದಲ್ಲಿ ಬದುಕಿ ನೋವು ತಿಂದವರು ಒಬ್ಬರು, ಅದಕ್ಕೆ ಸಿದ್ಧಾಂತ ಕಟ್ಟುವವರು ಇನ್ನೊಬ್ಬರು ಅನ್ನುವುದು ಗುರು ಅವರ ಆಕ್ಷೇಪ. ದಲಿತರ ಅನುಭವವನ್ನು ಮುಂದಿಟ್ಟುಕೊಂಡು ಅವರು ಈ ಮಾತು ಹೇಳುತ್ತಾರೆ. ಸಾರುಕ್ಕೈ ಅಲ್ಲೇ ಅಸ್ಪೃಶ್ಯತೆಯನ್ನು ಸ್ಪರ್ಶದ ಫಿನಾಮಿನಾಲಜಿಯಿಂದ ನೋಡುತ್ತಾರೆ. ನೀವು ಪೂರ್ತಿ ಹೊರಗಿನವರೂ ಅಲ್ಲ, ಒಳಗಿನವರೂ ಅಲ್ಲ. ಅದನ್ನು ಪ್ರಬಂಧದಲ್ಲೇ ಬರೆಯಿರಿ. "ನೀನು ಓದು" ಅಂದ ಮಾತನ್ನೂ ಸೇರಿಸಿ, ಅದೂ ಬೀಡಿ ಕಟ್ಟುವ ಅನುಭವದ ಒಳಗೇ ಬರುತ್ತದೆ.

ಮೊದಲು ಕನ್ನಡದಲ್ಲಿ ಬರೆದು ಅಮ್ಮನಿಗೆ ಓದಿ ಹೇಳಿ. "ಹೇಗನ್ನಿಸುತ್ತದೆ" ಅಂತ ಕೇಳಬೇಡಿ. "ಎಲ್ಲಿ ತಪ್ಪಿದೆ" ಅಂತ ಕೇಳಿ. ಅವರು ತಿದ್ದಿದ್ದನ್ನು ಅವರ ಮಾತಿನಲ್ಲೇ ಇಡಿ. ಸಾಧ್ಯವಾದರೆ ಒಂದು ಭಾನುವಾರ ಅವರ ಪಕ್ಕ ಕೂತು ಕಟ್ಟಲು ಪ್ರಯತ್ನಿಸಿ. ಎಲೆ ಎಲ್ಲಿ ಬಿಚ್ಚಿಕೊಳ್ಳುತ್ತದೆ, ಅಮ್ಮ ನಿಮ್ಮ ಬೆರಳನ್ನು ಹೇಗೆ ಹಿಡಿದು ತಿದ್ದುತ್ತಾರೆ ಅಂತ ಟಿಪ್ಪಣಿ ಮಾಡಿಕೊಳ್ಳಿ. ಅದಾದ ಮೇಲೆ ಮರ್ಲೋ-ಪಾಂಟಿಯ ದೇಹದ ಅಧ್ಯಾಯವನ್ನು ಮತ್ತೆ ಓದಿ. ಕರಡು ಆದರೆ ಇಲ್ಲೇ ಹಾಕಿ, ನಾನು ನೋಡುತ್ತೇನೆ.