ಅಪ್ಪನ ಬೈಪಾಸ್ ನಾಳ ಕಿರಿದಾಗಿದೆ, ಯಾವ ಸ್ಟೆಂಟ್ ಹಾಕಿಸುವುದು?

ಕಟಪಾಡಿ ಮಗಳು:
ಅಪ್ಪನಿಗೆ 71. 2011ರಲ್ಲಿ ಮಂಗಳೂರಿನಲ್ಲಿ ಬೈಪಾಸ್ ಆಗಿತ್ತು. ಎಡಗಾಲಿನ ಒಳಬದಿಯ ಹೊಲಿಗೆ ಗುರುತು ಈಗಲೂ ಉಂಟು. ಹೋದ ತಿಂಗಳಿಂದ ಪಂಪ್‌ಶೆಡ್ಡಿಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ತೆಂಗಿನ ಮರಕ್ಕೆ ಕೈಕೊಟ್ಟು ನಿಲ್ಲುತ್ತಾರೆ. ಕೇಳಿದರೆ "ಸೆಕೆ" ಅನ್ನುತ್ತಾರೆ. ಆಂಜಿಯೋಗ್ರಾಂ ಮಾಡಿಸಿದೆವು. ಕಾಲಿನಿಂದ ತೆಗೆದು ಜೋಡಿಸಿದ ನಾಳ ನಡುವಲ್ಲಿ ಶೇ 80 ಮುಚ್ಚಿದೆ. ಎದೆಯ ಒಳಗಿನಿಂದ ಜೋಡಿಸಿದ್ದು ಚೆನ್ನಾಗಿದೆಯಂತೆ. ಡಾಕ್ಟರು ಔಷಧ ಲೇಪಿಸಿದ ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ಲೋಹದ ಜಾಲರಿ) ಅಂದರು. ದೊಡ್ಡಪ್ಪನ ಮಗ ಬರೀ ಲೋಹದ್ದು ಸಾಕು ಅನ್ನುತ್ತಾನೆ. ದುಡ್ಡು ಹೇಗಾದರೂ ಹೊಂದಿಸುತ್ತೇನೆ. ನಿಜವಾಗಿ ವ್ಯತ್ಯಾಸ ಉಂಟಾ?

ನಿವೃತ್ತ ಕ್ಯಾಥ್‌ಲ್ಯಾಬ್ ಟೆಕ್ನಿಷಿಯನ್, ಮಣಿಪಾಲ:
ನೋಡಿ ಅಮ್ಮಾ, ಹೃದಯದ ಸ್ವಂತ ರಕ್ತನಾಳವಾಗಿದ್ದರೆ ಔಷಧದ್ದೇ ಮೇಲು ಅಂತ ಕಣ್ಣುಮುಚ್ಚಿ ಹೇಳುತ್ತಿದ್ದೆ. ಕಾಲಿನ ನಾಳದ ಕಥೆ ಬೇರೆ. ಜರ್ಮನಿಯಲ್ಲಿ 610 ಮಂದಿಯ ಮೇಲೆ ನಡೆದ ಇಸಾರ್-ಸಿಎಬಿಜಿ ಅಧ್ಯಯನದಲ್ಲಿ ಮೊದಲ ವರ್ಷ ಔಷಧದ ಸ್ಟೆಂಟ್ ಮುಂದಿತ್ತು, ಐದು ವರ್ಷಕ್ಕೆ ಎರಡೂ ಒಂದೇ ಆಯಿತು. 2018ರಲ್ಲಿ ಪ್ರಕಟವಾದ ಅಮೆರಿಕದ ದಿವಾ ಅಧ್ಯಯನದ 597 ಮಂದಿಯಲ್ಲಿ ವರ್ಷದೊಳಗೆ ತೊಂದರೆಯಾದದ್ದು ಔಷಧದ್ದರಲ್ಲಿ ಶೇ 17, ಬರೀ ಲೋಹದ್ದರಲ್ಲಿ ಶೇ 19. ಅಂದರೆ ಸಮಸಮ. ಸ್ಟೆಂಟ್ ಹಾಕಿದ ಜಾಗ ಉಳಿದರೂ ನಾಳದ ಬೇರೆ ಕಡೆ ಕೊಬ್ಬು ಕಟ್ಟುತ್ತಲೇ ಹೋಗುತ್ತದೆ. ಹಾಗಂತ ಡಾಕ್ಟರ ಮಾತು ತಪ್ಪಲ್ಲ, ಈಗ ಎಲ್ಲರೂ ಔಷಧದ್ದೇ ಹಾಕುತ್ತಾರೆ.

ನೀವು ಕೇಳಬೇಕಾದ್ದು ಬೇರೆ: "ಫಿಲ್ಟರ್ ಇಡುತ್ತೀರಾ?" ಅಂದರೆ ಉದುರುವ ಚೂರು ಹಿಡಿಯುವ ಸಣ್ಣ ಬಲೆ. ಹಳೆಯ ನಾಳದ ಒಳಗಿನ ಕೊಬ್ಬು ಮೆತ್ತಗೆ, ಪುಡಿಪುಡಿ. ಸ್ಟೆಂಟ್ ಅರಳಿಸುವಾಗ ಉದುರಿ ಕೆಳಗಿನ ಸಣ್ಣ ನಾಳಗಳಿಗೆ ಸಿಕ್ಕಿಕೊಂಡರೆ ಮೇಜಿನ ಮೇಲೆಯೇ ಹಾರ್ಟ್ ಅಟ್ಯಾಕ್. ಹೊರಗೆಳೆದ ಫಿಲ್ಟರನ್ನು ಸಲೈನಿನಲ್ಲಿ ಅಲುಗಿಸಿದರೆ ಗಂಜಿಯ ತಳದ ನುಚ್ಚಿನ ಹಾಗೆ ಹಳದಿ ಚೂರು ಇಳಿಯುತ್ತಿತ್ತು. ಅದು ಎಲ್ಲಿಗೆ ಹೋಗುತ್ತಿತ್ತೋ ಅಂತ ಪ್ರತಿ ಸಲ ಎದೆ ಝಲ್ಲೆನ್ನುತ್ತಿತ್ತು. ಎಲ್ಲ ನಾಳಕ್ಕೂ ಫಿಲ್ಟರ್ ಕೂರುವುದಿಲ್ಲ, ಬ್ಲಾಕಿನ ಆಚೆ ಜಾಗ ಬೇಕು. ಅಪ್ಪನದ್ದು ನಡುವಲ್ಲಿ ಅಂದಿರಿ, ಕೇಳಿ ನೋಡಿ. ಹಾಗೆಯೇ, ಬೈಪಾಸಿಗೆ ಮೊದಲಿನ ಸ್ವಂತ ನಾಳವನ್ನೇ ತೆರೆಯಲು ಸಾಧ್ಯವಾ ಅಂತಲೂ.

ಸುರತ್ಕಲ್ ಅಣ್ಣ:
ನನ್ನ ಅಮ್ಮನಿಗೂ ಇದೇ ಆಗಿತ್ತು. ಆಮೇಲೆ ಹಲ್ಲು ಕೀಳಿಸುವ ನೆಪದಲ್ಲಿ ಯಾರನ್ನೂ ಕೇಳದೆ ಕ್ಲೋಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ) ಬಿಟ್ಟರು, ಒಂಬತ್ತನೇ ದಿನ ಐಸಿಯು. ಮಾತ್ರೆ ಡಬ್ಬಿ ನಿಮ್ಮ ಕೈಯಲ್ಲೇ ಇರಲಿ ತಂಗಿ.

ಕಟಪಾಡಿ ಮಗಳು:
ಇವತ್ತು ಕೇಳಿದೆ ಸರ್. ಸ್ವಂತ ನಾಳ ಪೂರ್ತಿ ಗಟ್ಟಿಯಾಗಿ ಮುಚ್ಚಿದೆಯಂತೆ. ಫಿಲ್ಟರ್ ಇಡಬಹುದು, ತರಿಸುತ್ತೇವೆ ಅಂದರು. ಗುರುವಾರ ಬೆಳಿಗ್ಗೆ. ಔಷಧದ ಸ್ಟೆಂಟಿಗೇ ಒಪ್ಪಿದ್ದೇನೆ. ಅಪ್ಪ ಈಗ ಪಂಪಿನ ಸ್ವಿಚ್ ಹಾಕುವುದು ಹೇಗೆ ಅಂತ ನನಗೆ ಹೇಳಿಕೊಡುತ್ತಿದ್ದಾರೆ.