ಪದಚರ್ಚೆ: ದೈವಪ್ರಕಟನೆಯೋ ವಿವೇಕವೋ?

ಪ್ರಶ್ನೆ: ಬೆಟಗೇರಿಯಲ್ಲಿ ನಡೆಯುವ ಚರ್ಚಾಕೂಟದ ಕರಪತ್ರಕ್ಕೆ ತಲೆಬರಹ ಬೇಕಾಗಿದೆ. ನೈತಿಕ, ಸಾಮಾಜಿಕ ಮೌಲ್ಯಗಳು ಕ್ರೈಸ್ತರ ‘ರೆವೆಲೇಶನ್’ (ದೇವರು ತಾನಾಗಿ ತೋರಿಸಿಕೊಟ್ಟದ್ದು) ಅನ್ನು ಅವಲಂಬಿಸಿವೆಯೋ, ‘ರೀಸನ್’ ಅನ್ನೋ ಎಂಬುದು ವಿಷಯ. ಮೊದಲನೆಯದಕ್ಕೆ ‘ಪ್ರಕಟಣೆ’ ಎಂದರೆ ನಗರಸಭೆಯ ನೋಟಿಸಿನಂತೆ ಕಾಣುತ್ತದೆ. ಎರಡನೆಯದಕ್ಕೆ ‘ತರ್ಕ’ ಸಾಕೇ? ಬರುವವರಲ್ಲಿ ಚರ್ಚಿನವರೂ ಇದ್ದಾರೆ, ವಚನ ಓದಿಕೊಂಡವರೂ ಇದ್ದಾರೆ.

ಉತ್ತರ (ಧಾರವಾಡ): ‘ಪ್ರಕಟಣೆ’ ಬ್ಯಾಡ್ರಿ. ಕನ್ನಡ ಬೈಬಲಿನ ರೂಢಿ ‘ಪ್ರಕಟನೆ’. 1841ರಲ್ಲೇ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ) ಬಂದ ನಿಮ್ಮ ಊರಿನ ಚರ್ಚಿನವರಿಗೆ ಅದು ಹೊಸ ಮಾತಲ್ಲ. ಆದರೆ ಬೈಬಲಿನ ಕೊನೆಯ ಪುಸ್ತಕದ ಹೆಸರೂ ಅದೇ ಆದ್ದರಿಂದ ಚರ್ಚೆ ಆ ಪುಸ್ತಕದ ಮೇಲೆ ಎಂದುಕೊಂಡಾರು. ‘ದೈವಪ್ರಕಟನೆ’ ಎಂದು ಹಾಕಿರಿ. ಅಚ್ಚಿನವರು ‘ಣೆ’ ಎಂದು ತಿದ್ದದಂತೆ ಕರಡಿನಲ್ಲೇ ಗುರುತು ಮಾಡಿಕೊಡಿ.

‘ಶ್ರುತಿ’ ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ವೇದದ ಅರ್ಥ ವಿಚಾರಿಸುವ ಮೀಮಾಂಸಕರಿಗೆ ಶ್ರುತಿ, ಎಂದರೆ ವೇದ, ಅಪೌರುಷೇಯ, ಅದನ್ನು ಹೇಳಿದವರೇ ಇಲ್ಲ. ಇಲ್ಲಿಯದು ದೇವರು ತಾನಾಗಿ, ಚರಿತ್ರೆಯೊಳಗೆ, ಯೇಸುವಿನಲ್ಲಿ ತೋರಿಸಿಕೊಂಡದ್ದು. ‘ಅನುಭಾವ’ವೂ ಸಲ್ಲದು, ಅದು ಸಾಧಕನ ಕಡೆಯ ಮಾತು. ಇನ್ನು ‘ತರ್ಕ’ದ ವ್ಯಾಪ್ತಿ ಕಿರಿದು: ಒಪ್ಪಿದ ಮಾತಿನಿಂದ ಇನ್ನೊಂದು ಮಾತು ಹೊರಡುತ್ತದೆಯೇ ಎಂದು ನೋಡುತ್ತದೆಯೇ ಹೊರತು ಯಾವುದು ಒಳ್ಳೆಯದು ಎಂದು ಹೇಳದು. ‘ವಿಚಾರ’ ಎಂದರೆ ವಿಚಾರವಾದದ ವಾಸನೆ ಬಂದು ಚರ್ಚೆ ಶುರುವಾಗುವ ಮೊದಲೇ ಪಕ್ಷ ಕಟ್ಟಿದಂತೆ. ‘ವಿವೇಕ’ವೇ ಲೇಸು.

ನಿಜವಾದ ತೊಡಕು ಇರುವುದು ‘ಅವಲಂಬಿಸಿವೆ’ ಎಂಬಲ್ಲಿ. ಮೌಲ್ಯ ನಮಗೆ ತಿಳಿಯುವುದು ಯಾವುದರಿಂದ ಎಂಬುದು ಒಂದು ಪ್ರಶ್ನೆ, ಅದಕ್ಕೆ ಬಲ, ಎಂದರೆ ಪಾಲಿಸಲೇಬೇಕೆಂಬ ಅಧಿಕಾರ, ಎಲ್ಲಿಂದ ಬಂತು ಎಂಬುದು ಇನ್ನೊಂದು. ಎರಡನ್ನೂ ಒಂದೇ ಕ್ರಿಯಾಪದಕ್ಕೆ ಕಟ್ಟಿದರೆ ಸಭೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಾಗುವುದೇ ಇಲ್ಲ. 13ನೇ ಶತಮಾನದ ಕ್ರೈಸ್ತ ದಾರ್ಶನಿಕ ತಾಮಸ್ ಅಕ್ವಿನಾಸನನ್ನೇ ನೋಡಿ. ತಂದೆತಾಯಿಯನ್ನು ಗೌರವಿಸು, ಕೊಲ್ಲಬೇಡ, ಕದಿಯಬೇಡ ಎಂಬವು ಯಾರ ವಿವೇಕಕ್ಕಾದರೂ ತಟ್ಟನೆ ತಿಳಿಯುತ್ತವೆ ಎನ್ನುತ್ತಾನೆ. ನರೆತವರ ಮುಂದೆ ಎದ್ದು ನಿಲ್ಲು ಎಂಬುದಕ್ಕೆ ಬಲ್ಲವರ ಬೋಧನೆ ಬೇಕು. ವಿಗ್ರಹ ಮಾಡಬೇಡ ಎಂಬುದಕ್ಕೆ ದೇವರ ಬೋಧನೆಯೇ ಬೇಕು. ಸಬ್ಬತ್ತನ್ನು (ವಾರಕ್ಕೊಮ್ಮೆಯ ವಿಶ್ರಾಂತಿಯ ದಿನದ ನಿಯಮವನ್ನು) ಅವನು ಎರಡು ಪಾಲು ಮಾಡುತ್ತಾನೆ: ದೇವರಿಗೆಂದು ಸ್ವಲ್ಪ ಹೊತ್ತು ಮೀಸಲಿಡುವುದು ನೀತಿ, ಇಂಥದೇ ದಿನ ಎನ್ನುವುದು ಆಚರಣೆಯ ವಿಧಿ. ಹೀಗೆ ತಿಳಿವಿನ ಬಹುಪಾಲನ್ನು ವಿವೇಕಕ್ಕೆ ಬಿಟ್ಟರೂ ಬಲ ಮಾತ್ರ ದೇವರ ನಿತ್ಯನಿಯಮದ್ದೇ. ನಿಮ್ಮ ‘ಇದೋ ಅದೋ’ ಎಂಬ ಪ್ರಶ್ನೆಯಲ್ಲಿ ಅವನನ್ನು ಎತ್ತ ಕೂಡಿಸುತ್ತೀರಿ?

ಜರ್ಮನ್ ದಾರ್ಶನಿಕ ಕಾಂಟ್ 1785ರಲ್ಲಿ ಬಲವನ್ನೂ ವಿವೇಕಕ್ಕೇ ಕೊಟ್ಟ. ತದ್ವಿರುದ್ಧವಾಗಿ 1934ರಲ್ಲಿ ದೇವತಾಶಾಸ್ತ್ರಜ್ಞ ಎಮಿಲ್ ಬ್ರುನರ್‌ಗೆ ಇನ್ನೊಬ್ಬ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್ ಕೊಟ್ಟ ಉತ್ತರದ ಶೀರ್ಷಿಕೆಯೇ ‘ಇಲ್ಲ!’ ಎಂದು, ಪ್ರಕಟನೆಯ ಹೊರಗೆ ದೇವರನ್ನು ತಿಳಿಯುವ ದಾರಿ ಅವನಿಗೆ ಒಪ್ಪಿಗೆಯಿಲ್ಲ. (ನಮ್ಮ ಕಡೆ ಮಿಶನರಿಗಳನ್ನು ಕಳಿಸಿದ ಬಾಸೆಲ್ಲಿನಲ್ಲೇ ಹುಟ್ಟಿದವನು.) ಆದ್ದರಿಂದ ತಲೆಬರಹ ಹೀಗಿರಲಿ: ‘ನೀತಿ ತಿಳಿಯುವುದು ಯಾವುದರಿಂದ, ನೀತಿಗೆ ಬಲ ಯಾವುದರಿಂದ: ದೈವಪ್ರಕಟನೆಯೋ ವಿವೇಕವೋ?’ ಉದ್ದವಾಯಿತೆನಿಸಿದರೆ ಕೊನೆಯ ತುಂಡನ್ನು ದಪ್ಪಕ್ಷರದಲ್ಲಿಟ್ಟು ಉಳಿದದ್ದನ್ನು ಕೆಳಗೆ ಸಣ್ಣದಾಗಿ ಹಾಕಿ.

ಸೇರಿಕೆ (ಹುಬ್ಬಳ್ಳಿ): ಒಪ್ಪಿದೆ. ಒಂದು ಎಚ್ಚರ. ಸಭೆಯಲ್ಲಿ ರೋಮಾಪುರದವರಿಗೆ ಬರೆದ ಪತ್ರದ 2:14-15 ಬಂದೇ ಬರುತ್ತದೆ. ಅನ್ಯಜನರ (ಯೆಹೂದ್ಯರಲ್ಲದವರ) ಹೃದಯದಲ್ಲೂ ಧರ್ಮಶಾಸ್ತ್ರದ ಸಾರ ಬರೆದಿದೆ ಎಂಬ ಭಾಗ ಅದು. ವಿವೇಕದ ಪಕ್ಷಕ್ಕೆ ಬೈಬಲಿನೊಳಗೇ ಸಿಗುವ ಆಸರೆ. ಅಲ್ಲಿಯ ‘ಧರ್ಮಶಾಸ್ತ್ರ’ ಎಂದರೆ ಮೋಶೆಯ ಮೂಲಕ ಬಂದ ನಿಯಮ. ವಚನ ಓದಿದವರಿಗೆ ಮಾತ್ರ ಆ ಪದ ಕೇಳಿದೊಡನೆ ಮನುಸ್ಮೃತಿಯ ಮನುವೇ ನೆನಪಾಗುತ್ತಾನೆ. ಟಿಪ್ಪಣಿ ಹಂಚುವುದಾದರೆ ಅದರಲ್ಲಿ ‘ಮೋಶೆಯ ನಿಯಮ’ ಎಂದೇ ಬರೆಯಿರಿ.