ಕೊಳೆರೋಗದ ಪ್ರಾಜೆಕ್ಟಿಗೆ ಪ್ಲೇಜಿಯರಿಸಂ ಚೆಕ್ಕಲ್ಲಿ 34% ಬಂದಿದೆ, ಡೇಟಾ ಎಲ್ಲ ನಂದೇ, ಎಂತ ಮಾಡೋದು?

ತುಂಗಾತೀರ:
ಎಮ್ಮೆಸ್ಸಿ ಬಾಟನಿ ಕೊನೇ ಸೆಮ್. ತೀರ್ಥಹಳ್ಳಿ ಕಡೆ ಆರು ತೋಟ ಓಡಾಡಿ ಅಡಿಕೆ ಕೊಳೆರೋಗದ ಮೇಲೆ ಪ್ರಾಜೆಕ್ಟ್ ಬರ್ದಿದೀನಿ. ಆಷಾಢದ ಮಳೇಲಿ ಉಂಬಳ ಕಚ್ಚಿಸ್ಕೊಂಡು ಉದುರಿದ ಕಾಯಿ ಎಣಿಸಿದ್ದು ನಾನೇ, ಈಗ ಬೇರೆಯವರ ಬರಹ ಕದ್ದಿದ್ದು ಇದೆಯಾ ಅಂತ ನೋಡೋ ಸಾಫ್ಟ್‌ವೇರಿಗೆ ಹಾಕಿಸಿದ್ರೆ 34 ಪರ್ಸೆಂಟ್ ಅಂತ ಬಂತು, ಗೈಡ್ 10ರ ಒಳಗೆ ತಗೊಂಬಾ ಅಂದ್ರು, ಯಾಕೆ ಬಂತು ಅಂತ ಯಾರೂ ಹೇಳ್ತಿಲ್ಲ. ಜೆರಾಕ್ಸ್ ಅಂಗಡೀಲಿ ದುಡ್ಡು ಕೊಟ್ರೆ ಇಳಿಸಿಕೊಡ್ತಾರಂತೆ. ಅದು ಎಂತ ನೋಡಿ ಪರ್ಸೆಂಟ್ ಹಾಕುತ್ತೆ? ಎರಡು ದಿನದಿಂದ ನಿದ್ದೆ ಇಲ್ಲ.

ಸಾಗರದ ಮೇಷ್ಟ್ರು:
ಹೆದರ್ಕೊಬೇಡಮ್ಮ, 34 ಅಂದ್ರೆ ಅಷ್ಟು ಕದ್ದಿದೀಯ ಅಂತ ಅರ್ಥ ಅಲ್ಲ. ಅದು ನೀನು ಬರೆದಿದ್ದನ್ನ ಸಣ್ಣ ಸಣ್ಣ ಪದಗಳ ಸರ ಮಾಡಿ, ವೆಬ್ ಪುಟ, ಜರ್ನಲ್, ಹಿಂದೆ ಬೇರೆಯವರು ಸಬ್ಮಿಟ್ ಮಾಡಿದ ಪ್ರಬಂಧ ಎಲ್ಲದರ ಜೊತೆ ತಾಳೆ ನೋಡುತ್ತೆ, ಹೊಂದಿದ ಪದಗಳನ್ನ ಕೂಡಿ ಒಟ್ಟು ಪದಗಳಿಂದ ಭಾಗಿಸುತ್ತೆ. 10,000 ಪದದಲ್ಲಿ 3,400 ಹೊಂದಿದ್ರೆ 34. ಕಾಯಿ ಎಣಿಸಿದ್ದು ಯಾರು ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು? ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಮಾಡೋದು ಬರೀಬೇಕಾದ್ರೆ ಯಾರೇ ಆದ್ರೂ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಅಂತಲೇ ಬರೀಬೇಕು, ಅದು ಹೊಂದೇ ಹೊಂದುತ್ತೆ. ಅದೇ ಇನ್ನೊಬ್ಬ ಬೇರೆಯವರ ಡೇಟಾ ಎತ್ತಿ ವಾಕ್ಯ ತಿರುಗಿಸಿ ಬರೆದ್ರೆ ಅವನಿಗೆ 3 ಬರಬಹುದು, ಆದ್ರೂ ಅದು ಕಳ್ಳತನವೇ. ಪೂರ್ತಿ ರಿಪೋರ್ಟ್ ಕೇಳಿ ತಗೋ, ಬಣ್ಣ ಹಚ್ಚಿದ ಸಾಲು ಒಂದೊಂದೇ ಓದು.

ಶಂಕರಘಟ್ಟ ಹಾಸ್ಟೆಲ್:
ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮ ನೋಡಿ. 10ರ ತನಕ ಶಿಕ್ಷೆ ಇಲ್ಲ, 10 ದಾಟಿ 40ರ ತನಕ ಇದ್ರೆ ತಿದ್ದಿ ಕೊಡ್ಬೇಕು, ಅದಕ್ಕೆ ಹೆಚ್ಚೆಂದ್ರೆ 6 ತಿಂಗಳು ಟೈಮ್. 60 ದಾಟಿದ್ರೆ ರಿಜಿಸ್ಟ್ರೇಷನ್ನೇ ರದ್ದು. ಆದ್ರೆ ರೆಫರೆನ್ಸ್ ಪಟ್ಟಿ, ಪರಿವಿಡಿ, ಕೃತಜ್ಞತೆ, ಮೂಲ ಹೇಳಿ ಕೊಟ್ಟ ಉದ್ಧರಣೆ ಇವೆಲ್ಲ ಲೆಕ್ಕದಿಂದ ಬಿಡ್ಬೇಕು ಅಂತ ಅದೇ ನಿಯಮದಲ್ಲಿದೆ, ಚೆಕ್ ಮಾಡಿದವ್ರು ಆ ಫಿಲ್ಟರ್ ಹಾಕಿದಾರಾ ಕೇಳಿ. ಅಂಗಡಿಗೆ ಮಾತ್ರ ದಯವಿಟ್ಟು ಕೊಡ್ಬೇಡಿ. ಬೇರೆ ಅಕೌಂಟಲ್ಲಿ ಹಾಕಿ ಅದು ಆ ಸಾಫ್ಟ್‌ವೇರಿನ ಸಂಗ್ರಹಕ್ಕೆ ಸೇರಿಬಿಟ್ರೆ ಮುಂದಿನ ಸಲ ನಿಮ್ಮ ಬರಹ ನಿಮ್ಮದಕ್ಕೇ ಹೊಂದುತ್ತೆ, ಇಳಿಸೋದು ಅಂದ್ರೆ ಅವ್ರು ಮಾಡೋದು ಪದ ಬದಲಿಸೋ ಟೂಲಿಗೆ ಹಾಕೋದು, ನಮ್ಮ ಜೂನಿಯರ್ ಒಬ್ಬಳ ಪ್ರಬಂಧದಲ್ಲಿ ಫ್ರೂಟ್ ರಾಟ್ (ಕೊಳೆರೋಗದ ಇಂಗ್ಲಿಷ್ ಹೆಸರು) ಅನ್ನೋದೆಲ್ಲ ಫ್ರೂಟ್ ಡಿಕೇ ಆಗಿ ಕೂತಿತ್ತು, ವೈವಾದಲ್ಲಿ ಪಾಪ ಅತ್ತುಬಿಟ್ಲು.

ಕನ್ನಡ ಎಂಎ:
ನನಗೆ ಉಲ್ಟಾ ಆಗಿತ್ತು, 0 ಬಂತು! ನುಡಿಯ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿಸಿದ್ದೆ, ನಮಗೆ ಕನ್ನಡ ಕಾಣುತ್ತೆ, ಸಾಫ್ಟ್‌ವೇರಿಗೆ ಕಾಣೋದು ಅರ್ಥ ಇಲ್ಲದ ಚಿಹ್ನೆಗಳ ರಾಶಿ. ಪುಟಗಟ್ಟಲೆ ವಚನ ಉದ್ಧರಿಸಿದ್ದೆ, ಅದೂ ಹೊಂದಿರ್ಲಿಲ್ಲ. ಯೂನಿಕೋಡಿಗೆ ಬದಲಾಯಿಸಿ ಹಾಕಿದ್ಮೇಲೆ ಒಂದೊಂದು ವಚನಕ್ಕೂ ಬಣ್ಣ ಬಂತು.

ತುಂಗಾತೀರ:
ಎಲ್ರಿಗೂ ಥ್ಯಾಂಕ್ಸ್, ರಿಪೋರ್ಟ್ ಸಿಕ್ತು, ಕೂತು ಲೆಕ್ಕ ಹಾಕ್ದೆ. 9 ರೆಫರೆನ್ಸ್ ಪಟ್ಟಿಯದ್ದು, ಫಿಲ್ಟರ್ ಹಾಕೇ ಇರ್ಲಿಲ್ಲ. 6 ಬೋರ್ಡೋ ಮತ್ತೆ ಲ್ಯಾಬ್ ವಿಧಾನದ್ದು. 11 ನಂದೇ ಹಳೇ ಡ್ರಾಫ್ಟು, ಸೀನಿಯರ್ ಒಬ್ರು ಅವ್ರ ಅಕೌಂಟಲ್ಲಿ ಟ್ರಯಲ್ ನೋಡಿದ್ರು, ಅದೇ ತಿರುಗಿ ಹೊಂದಿದೆ. ಉಳಿದ 8 ಪೀಠಿಕೆಯ ಎರಡೂವರೆ ಪುಟ, ಅದು ಮಾತ್ರ ನನ್ನ ತಪ್ಪು, ಒಂದು ಪೇಪರಿಂದ ನೋಟ್ಸ್ ಮಾಡ್ಕೊಂಡಿದ್ದು ಹಾಗೇ ಇಳಿಸಿಬಿಟ್ಟಿದ್ದೆ. ಗೈಡ್ ಹತ್ರ ನಾಳೆ ರಿಪೋರ್ಟ್ ಸಮೇತ ಹೋಗ್ತೀನಿ, ಆ ಎರಡೂವರೆ ಪುಟ ಇವತ್ತು ರಾತ್ರಿನೇ ಪೇಪರ್ ಮುಚ್ಚಿಟ್ಟು ನನ್ನ ಮಾತಲ್ಲಿ ಬರೀತೀನಿ, ಮೂಲದ ಹೆಸರೂ ಹಾಕ್ತೀನಿ.